ಬಣ್ಣ ಬೇಕೋ, ಸಿಟ್ಟು ಬೇಕೋ

೩ ಫೆಬ್ರುವರಿ ೨೦೦೮, ರವಿವಾರ

ನೀರು ಬದಲಿಸಿ ಆಯಿತು. ಸೊಂಟ ಬಿದ್ದುಹೋಗಿದೆ. ಟೆರೇಸಿನ ಶೆಡ್ಡಿನಲ್ಲಿ ಬಾಟಲಿಗಳ ಸಾಲು. ಜಾಮಿನವು, ಉಪ್ಪಿನಕಾಯಿಯವು, ಸಪ್ತಾಪುರದ ಅರ್ಧ ಓಣಿಯಿಂದ ಬೇಡಿ ತಂದವು. ಒಂದೊಂದರಲ್ಲಿ ಒಂದೊಂದು ಗಂಡು ಫೈಟರ್ ಮೀನು. ನಡುನಡುವೆ ರಟ್ಟು. ರಟ್ಟು ಇರದಿದ್ದರೆ ಪಕ್ಕದವನನ್ನು ನೋಡಿ ನೋಡಿ ಗಾಜಿಗೆ ತಲೆ ಚಚ್ಚಿಕೊಳ್ಳುತ್ತಾರೆ. ಸದಾ ಮುಚ್ಚಿಟ್ಟರೆ ಮೈಗಳ್ಳರಾಗಿ ರೆಕ್ಕೆ ಜೋತುಬೀಳುತ್ತದೆ. ಅದಕ್ಕೇ ದಿನಾ ಎರಡು ನಿಮಿಷ ರಟ್ಟು ತೆಗೆಯುವುದು. ಕಿವಿರು ಅಗಲಿಸಿ, ರೆಕ್ಕೆ ಬಿಚ್ಚಿ, ಒಬ್ಬರಿಗೊಬ್ಬರು ತೊಡೆ ತಟ್ಟುತ್ತಾರೆ. ಆಗಲೇ ಫೋಟೋ. ಮತ್ತೆ ರಟ್ಟು.

ಕರಿಯ ಇವತ್ತೂ ಬೆರಳಿಗೆ ಬಂದ. ಬೆರಳ ತುದಿ ನೀರಿಗೆ ತಾಗಿಸಿದರೆ ಸಾಕು, ಕೆಳಗಿಂದ ಎದ್ದು ಬಂದು ಹುಳ ತೆಗೆದುಕೊಂಡು ಹೋಗುತ್ತಾನೆ. ನನ್ನ ತಳಿಗೆ ಅವನೇ ಮೂಲಪುರುಷ. ಕಪ್ಪು ಮೈ, ಕಣ್ಣಿನ ಹಿಂದೆ ತಾಮ್ರದ ಚುಕ್ಕೆ. ಅವನ ಮಕ್ಕಳಿಗೆಲ್ಲ ಅದೇ ಚುಕ್ಕೆ. ಇಂಟರ್ನೆಟ್ಟಿನ ಮೀನು ಫೋರಂನಲ್ಲಿ ‘ಧಾರವಾಡ ಮಾಯಾ’ ಅಂದರೆ ಆ ಚುಕ್ಕೆ. ಝೂವಾಲಜಿ ಓದಿ ಮನೆಯಲ್ಲಿ ಕೂತವಳಿಗೆ ನನ್ನದು ಅಂತ ಇರುವುದು ಇದೊಂದೇ.

ಈ ವಾರ ಆರ್ಡರ್ ಇಲ್ಲ. ಹೋದ ವಾರವೂ ಇರಲಿಲ್ಲ. ಅತ್ತೆ ಸಾವಂತ್ರೆವ್ವ ಮೆಟ್ಟಿಲ ಕೆಳಗೆ ನಿಂತು, “ಇರಲಾರ್ದ ಇರಿವಿ ಬಿಟ್ಕೊಂಡ್ರಂತ. ಹಂಗಾತು ನಿಂದು” ಅಂದರು. ಕೈಯಲ್ಲಿದ್ದ ಮಗ್ಗು ಗೋಡೆಗೆ ಒಗೆದೆ. ಪ್ಲಾಸ್ಟಿಕ್ಕಿನದು. ಬರೀ ಸದ್ದು.

೨೧ ಫೆಬ್ರುವರಿ

ಕಾರಣ ಗೊತ್ತಾಯಿತು. ಹುಬ್ಬಳ್ಳಿಯಲ್ಲಿ ಯಾವನೋ ಹೊಸ ಅಂಗಡಿ ತೆಗೆದು ಥಾಯ್ಲೆಂಡ್ ಮೀನು ತರಿಸುತ್ತಿದ್ದಾನೆ. ಅರ್ಧಚಂದ್ರದ ಬಾಲ, ಸೀರೆಯ ಸೆರಗಿನಷ್ಟು ಅಗಲ. ನೋಡಿದೆ. ಚೆಂದ ಇವೆ, ಸುಳ್ಳು ಯಾಕೆ ಹೇಳಲಿ. ಬೆಳಗಾವಿಯ ನನ್ನ ಹಳೇ ಗಿರಾಕಿಯೇ ಫೋರಂನಲ್ಲಿ ಎಲ್ಲರೆದುರು ಬರೆದಿದ್ದಾನೆ — “ಮೇಡಂ, ನಿಮ್ಮ ಮೀನು ಓಲ್ಡ್ ಮಾಡೆಲ್.”

ಮೀನಿಗೆ ಮಾಡೆಲ್ಲಂತೆ! ಸ್ಕೂಟರೇನೋ ಅದು, ಮಂಗ್ಯಾ? ಉದ್ದಕ್ಕೆ ಬೈದು ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಟೈಪ್ ಮಾಡಿದೆ. ಕೊನೆಗೆ ಮೌಸ್ ಎತ್ತಿ ನೆಲಕ್ಕೆ ಅಪ್ಪಳಿಸಿದೆ. ಇವರು — ನನ್ನ ಗಂಡ ಉದಯಕುಮಾರ, ಸರಕಾರಿ ಆಫೀಸಿನ ಗುಮಾಸ್ತ, ಬೆಕ್ಕಿಗೂ ‘ಸ್ವಲ್ಪ ಸರೀರಿ’ ಅನ್ನುವ ಮನುಷ್ಯ — ಚೂರುಗಳನ್ನು ಆರಿಸಿ ಕಾಗದದಲ್ಲಿ ಕಟ್ಟಿಟ್ಟರು. “ನಾಳೆ ಬ್ಯಾರೇದ ತರ್ತೇನಿ, ತೊಗೊ” ಅಂದರು. ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಎಂಟು ವರ್ಷದಲ್ಲಿ ಒಮ್ಮೆಯೂ ದನಿ ಎತ್ತಿಲ್ಲ. ಮರಿಗಳನ್ನು ಬಿಡುವ ತೊಟ್ಟಿಯ ತಳ ಎಟುಕುವುದಿಲ್ಲ ಅಂದಾಗ ತಾವೇ ಹೋಗಿ ಕಬ್ಬಿಣದ ಕೋಲಿಗೆ ಮೀನೆತ್ತುವ ಜಾಳಿಗೆ ವೆಲ್ಡಿಂಗ್ ಮಾಡಿಸಿ ತಂದುಕೊಟ್ಟರು. ಮದುವೆಯಾದ ಮೇಲೆ ಕೊಟ್ಟ ಸಾಮಾನುಗಳಲ್ಲಿ ನನಗೆ ಅದೇ ಇಷ್ಟ.

೯ ಮಾರ್ಚ್

ಒಬ್ಬ ಬಂದಿದ್ದ. ದ್ಯಾಮಣ್ಣ, ಲಕಮನಹಳ್ಳಿ ಕಡೆಯವನು, ಮಿನಿ ಲಾರಿ ಓಡಿಸುತ್ತಾನಂತೆ. ಫೋರಂ ನೋಡಿದವನಲ್ಲ, ಯಾರೋ ಹೇಳಿದರಂತೆ. ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಚೆಂದನೆಯ ನೀಲಿ ತೋರಿಸಿದೆ, ನೋಡಲಿಲ್ಲ.

“ಅಕ್ಕಾರ, ಬಣ್ಣ ಬ್ಯಾಡ್ರಿ. ಸಿಟ್ಟ ಇದ್ದದ್ದು ಕೊಡ್ರಿ.”

“ಸಾಕಾಕೇನು?”

“ಹ್ಞೂಂ ಅನ್ಕೋರ್ರಿ” ಅಂದು ನಕ್ಕ.

ಗೊತ್ತಾಯಿತು. ಗೊತ್ತಾಗಲಿಲ್ಲ ಅಂತ ಇಲ್ಲಿ ಬರೆದು ಯಾರಿಗೆ ಮೋಸ ಮಾಡಲಿ? ಕಾದಾಟಕ್ಕೆ. ಪಣ ಕಟ್ಟುತ್ತಾರೆ. ರಟ್ಟು ತೆಗೆದು ತೋರಿಸಿದೆ. ಯಾವನು ಗಾಜಿಗೆ ಜೋರಾಗಿ ಗುದ್ದಿದನೋ ಅವನನ್ನು ಆರಿಸಿದ. ಕರಿಯನ ಇಬ್ಬರು ಮಕ್ಕಳು ಹೋದರು. ಬಾಗಿದ ರೆಕ್ಕೆಯವು, ಫೋರಂನಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ ಅಂತ ಸಮಾಧಾನ ಮಾಡಿಕೊಂಡೆ.

೩೦ ಮಾರ್ಚ್

ದ್ಯಾಮಣ್ಣ ಮತ್ತೆ ಬಂದ. ಈಗ ಅವನೊಬ್ಬನೇ ಗಿರಾಕಿ.

ಅವನಿಗೆ ಅಂತ ಎತ್ತಿಟ್ಟವುಗಳಿಗೆ ಬೇರೆ ಉಪಚಾರ ಶುರು ಮಾಡಿದ್ದೇನೆ. ಹಿಂದಿನ ದಿನ ಊಟ ಇಲ್ಲ. ರಟ್ಟು ಎರಡು ನಿಮಿಷ ಅಲ್ಲ, ಅರ್ಧ ತಾಸು ತೆಗೆದಿಡುವುದು. ಕುರ್ಚಿ ಹಾಕಿಕೊಂಡು ನೋಡುತ್ತೇನೆ. ಗುದ್ದುತ್ತಾರೆ, ತಿರುಗುತ್ತಾರೆ, ಮತ್ತೆ ಗುದ್ದುತ್ತಾರೆ. ಮೂತಿಯ ತೊಗಲು ಸುಲಿಯುತ್ತದೆ. ನೋಡುತ್ತಾ ನನ್ನ ಹಲ್ಲೂ ಕಚ್ಚಿಕೊಂಡಿರುತ್ತದೆ. ಬೆಳಗಾವಿಯವನ ಮುಖ ನೆನಪಾಗುತ್ತದೆ, ಹುಬ್ಬಳ್ಳಿಯವನದು, ಅತ್ತೆಯದು. ಎದ್ದಾಗ ಮೈ ಹಗುರ.

ಖುಷಿಯಾಗುತ್ತದೆ. ಹೌದು, ಆಗುತ್ತದೆ.

೧೭ ಏಪ್ರಿಲ್

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಆಗಲಿಲ್ಲ. ಫೋರಂನಲ್ಲಿ ಫೋಟೋ ಹಾಕಿದರೆ ‘ನೈಸ್’ ಅಂತಲೂ ಯಾರೂ ಅನ್ನುವುದಿಲ್ಲ.

ಇವತ್ತು ದ್ಯಾಮಣ್ಣ ಬರಿಗೈಯಲ್ಲಿ ನಿಂತ. “ನಿಮ್ಮ ತಳಿ ಸಪ್ಪಗಾಗೇತ್ರಿ ಅಕ್ಕಾರ. ಹುಬ್ಬಳ್ಳಿ ಫಾರಿನ್ ಮೀನ ನಿಮ್ಮುವ್ನ ಹರದ ಹಾಕತಾವ. ಆ ಕರೇದು ಇದ್ರ ಕೊಡ್ರಿ, ನೋಡೂಣು.”

“ಕರಿಯ ಮಾರೂದಲ್ಲ.”

“ಮತ್ತ ಬಾಯಿ ಮುಚ್ಕೊಂಡ ಸೋಲ್ರಿ.”

ಕಿವಿಯಲ್ಲಿ ಸುಂಯ್ ಅಂತು. “ಮಾರೂದಿಲ್ಲ, ನಾನ ತರ್ತೇನಿ. ರವಿವಾರ. ಆ ಫಾರಿನ್‌ದ್ದ ತಂದು ಇಡು” ಅಂದೆ.

ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. “ಅದು ನಿನ್ನ ಬೆರಳಿಗೆ ಬರತೈತಲ್ಲ, ಮಾಯಾ” ಅಂದರು. ನಾನು ಪಲ್ಯ ಬಡಿಸಿದೆ.

೨೦ ಏಪ್ರಿಲ್, ಸಂಜೆ

ಆದದ್ದು ಆದಂತೆ ಬರೆಯುತ್ತೇನೆ.

ಲಕಮನಹಳ್ಳಿಯಲ್ಲಿ ಮುಚ್ಚಿದ ಒಂದು ಕಾರ್ಖಾನೆಯ ಹಿಂದೆ ತಗಡಿನ ಶೆಡ್ಡು. ಮಧ್ಯಾಹ್ನದ ಉರಿ. ಬೋರಲು ಹಾಕಿದ ಡ್ರಮ್ಮಿನ ಮೇಲೆ ಗಾಜಿನ ಪೆಟ್ಟಿಗೆ. ಸುತ್ತ ಗಂಡಸರು, ಬೀಡಿ, ಗುಟ್ಕಾ. ಹೆಂಗಸು ನಾನೊಬ್ಬಳೇ. ಒಂದು ಕೈಯಲ್ಲಿ ಕರಿಯನ ಬಾಟಲಿ, ಇನ್ನೊಂದರಲ್ಲಿ ಇವರು ಕೊಟ್ಟ ಜಾಳಿಗೆ. ಬೇರೆಯವರ ಜಾಳಿಗೆಯಿಂದ ಅವನನ್ನು ಎತ್ತಿಸಲಾರೆ.

ಎದುರಿನ ಮೀನು ಹೆದರಿಕೆಗೋ ಸಿಟ್ಟಿಗೋ ಕಪ್ಪಿಟ್ಟು ಬಾಲ ಮುದುಡಿಕೊಂಡಿತ್ತು, ಶೆಡ್ಡಿನೊಳಗೆ ಮಬ್ಬು. ದ್ಯಾಮಣ್ಣ ಫಾರಿನ್ ಅಂದ, ನಂಬಿದೆ.

ಬಿಟ್ಟ ಕೂಡಲೇ ಕರಿಯ ಹೋದ. ತೊಡೆ ತಟ್ಟುವುದು, ಸುತ್ತುವುದು, ಒಂದೂ ಇಲ್ಲ. ನೇರ ಹೊಟ್ಟೆಗೆ. ಅದು ತಿರುಗಿ ಅವನ ಬಾಲದಲ್ಲಿ ಒಂದು ತುಂಡು ಹರಿಯಿತು. ಬಾಯಿಗೆ ಬಾಯಿ ಕಚ್ಚಿಕೊಂಡು ಇಬ್ಬರೂ ತಳಕ್ಕೆ ಇಳಿದರು, ಹೊರಳಿದರು, ಬಿಡಲಿಲ್ಲ. ಉಸಿರಿಗೆ ಮೇಲೆ ಬಂದಾಗ ಕರಿಯ ಅದರ ಕಿವಿರಿಗೆ ಬಾಯಿ ಹಾಕಿದ. ಎಳೆದ. ನೀರಿನಲ್ಲಿ ಹೊಗೆಯ ಎಳೆಯಂತೆ ಕೆಂಪು. ಅದು ಓಡಿತು. ಮೂಲೆಗೆ ಸೇರಿತು. ಅಲ್ಲಿಗೆ ಮುಗಿಯಬೇಕಿತ್ತು, ಜಾಳಿಗೆ ನನ್ನ ಕೈಯಲ್ಲೇ ಇತ್ತು. ಎತ್ತಲಿಲ್ಲ. ಯಾರೋ ಕೂಗುತ್ತಿದ್ದರು — “ಕೊಲ್ಲೋ! ಬಿಡಬ್ಯಾಡ, ಕೊಲ್ಲು!” ಗಂಟಲು ಉರಿದಾಗ ಗೊತ್ತಾಯಿತು, ನಾನೇ.

ಅದು ಅಡ್ಡಬಿತ್ತು. ಅಂಗೈಯಲ್ಲಿ ಎತ್ತಿಕೊಂಡು ಬಾಗಿಲ ಬೆಳಕಿಗೆ ಬಂದೆ. ಬಣ್ಣ ಇಳಿಯುತ್ತಿತ್ತು. ಕಣ್ಣಿನ ಹಿಂದೆ ತಾಮ್ರದ ಚುಕ್ಕೆ. ಬಾಗಿದ ರೆಕ್ಕೆ. ಮಾರ್ಚ್‌ನಲ್ಲಿ ನಾನೇ ಕೊಟ್ಟದ್ದು. ಕರಿಯನ ಮಗ.

“ದ್ಯಾಮಣ್ಣ, ಇದು ನಂದು.”

“ನಿಮ್ಮದ ಬಿಡ್ರಿ” ಎಂದು ಹಲ್ಲು ಕಿರಿದ. “ಇಷ್ಟ ಚಲೋ ಮಾಲು ಬ್ಯಾರೆ ಎಲ್ಲಿ ಸಿಗತೈತಿ? ಫಾರಿನ್ ಅನ್ನದಿದ್ರ ನೀವು ಬರ್ತಿದ್ದಿರೇನು?”

ಕೈಯಲ್ಲಿದ್ದ ಜಾಳಿಗೆಯ ಕೋಲು ಬೀಸಿದೆ. ಮೊದಲನೆಯದು ಬಾಯಿಗೆ ಬಿತ್ತು. ಹಲ್ಲು ಮುರಿದ ಸದ್ದು ಕೇಳಿಸಿತು. ಕೈ ಅಡ್ಡ ತಂದ, ಮೊಣಕೈಗೆ ಹಾಕಿದೆ. ಕೆಳಗೆ ಬಿದ್ದ ಮೇಲೂ ಹೊಡೆದೆ. ಬೆನ್ನಿಗೆ, ಮತ್ತೆ ಬೆನ್ನಿಗೆ. ಇಬ್ಬರು ಹಿಡಿದೆಳೆದರು. ಯಾರೂ ನನ್ನನ್ನು ಮುಟ್ಟಿ ಹೊಡೆಯಲಿಲ್ಲ. ಕೆಲವರು ಮೊಬೈಲ್ ಹಿಡಿದು ನಿಂತಿದ್ದರು.

ಕರಿಯನನ್ನು ಎತ್ತಿಕೊಂಡು ಬಂದೆ. ಆಟೋದಲ್ಲಿ ಉದ್ದಕ್ಕೂ ಅಳು ಬರುತ್ತದೆ ಅಂದುಕೊಂಡೆ. ಬರಲಿಲ್ಲ.

೨೧ ಏಪ್ರಿಲ್

ಬಾದಾಮಿ ಎಲೆ ನೆನೆಸಿದ ನೀರು, ಚಿಟಿಕೆ ಉಪ್ಪು. ಕರಿಯ ತಳದಲ್ಲಿ ಒರಗಿದ್ದಾನೆ. ಬಾಲದಲ್ಲಿ ಕಡ್ಡಿಗಳಷ್ಟೇ ಉಳಿದಿವೆ. ಸಾಯಬೇಡ. ನಿನ್ನ ಕಾಲಿಗೆ ಬೀಳುತ್ತೇನೆ, ಸಾಯಬೇಡ. ಕಾಲಿಲ್ಲದವನಿಗೆ ಹೀಗಂದು ನಗು ಬಂತು. ಆಮೇಲೆ ಅಳು ಬಂತು, ಒಂದು ದಿನ ತಡವಾಗಿ.

ಇವರು ಕೋಲಿಗೆ ಅಂಟಿದ್ದನ್ನು ತೊಳೆದು ಬಾಗಿಲ ಹಿಂದೆ ಇಟ್ಟರು.

೨ ಮೇ

ದ್ಯಾಮಣ್ಣ ಪೊಲೀಸರಿಗೆ ಹೋಗಿಲ್ಲ. ಹೋಗಿ ಏನಂತ ಹೇಳುತ್ತಾನೆ?

ಆದರೆ ವಿಡಿಯೋ ಓಡಾಡುತ್ತಿದೆ. ಮೊಬೈಲಿನಿಂದ ಮೊಬೈಲಿಗೆ, ಇವರ ಆಫೀಸಿನವರೆಗೂ. ಕಾದಾಟ ಪೂರಾ ಇದೆ, ಆಮೇಲಿನದೂ ಇದೆ. ಚಿತ್ರ ಮಸುಕು, ನನ್ನ ಮುಖ ಕಾಣುವುದಿಲ್ಲ. ದನಿ ಮಾತ್ರ ಸ್ವಚ್ಛ. ಇವರು ಕೇಳಿದ್ದಾರೆ. ಅತ್ತೆಯೂ ಕೇಳಿದ್ದಾರೆ.

“ಅದು ನಿನ್ನ ದನಿ ಅಲ್ಲಂತ ಅವ್ವಗ ಹೇಳೀನಿ” ಅಂದರು ಇವರು. ನನ್ನ ಮುಖ ನೋಡಲಿಲ್ಲ. ಹೆಗಲ ಮೇಲಿನ ಟವಲ್ಲು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. “ಇನ್ನ ಸಾಕ ಮಾಡು ಮಾಯಾ. ನನಗ ಅಂಜಿಕಿ ಆಗತೈತಿ.”

“ಯಾರ ಅಂಜಿಕಿ? ದ್ಯಾಮಣ್ಣಂದೇನು?”

ಇವರು ಬಾಗಿಲ ಹಿಂದಿನ ಕೋಲಿನ ಕಡೆ ನೋಡಿದರು.

ಸಾಕು ಮಾಡುತ್ತೇನೆ ಅಂದೆ. ಖರೇ ಮನಸ್ಸಿನಿಂದಲೇ ಅಂದೆ.

೧೧ ಮೇ, ರವಿವಾರ

ಕರಿಯ ಬದುಕಿದ. ಬಾಲ ಬೆಳೆಯುತ್ತಿದೆ. ಬೆಳಗ್ಗೆ ಬೆರಳು ನೀರಿಗೆ ತಾಗಿಸಿದೆ. ಓಡಿಹೋಗಿ ಬಾಟಲಿಯ ಆ ಮಗ್ಗುಲಿಗೆ ಅಂಟಿಕೊಂಡ. ಬೆರಳು ತೆಗೆದೆ, ಬಂದ. ತಾಗಿಸಿದೆ, ಮತ್ತೆ ಓಡಿದ. ಹುಳ ಮುಳುಗಿ ತಳ ಸೇರಿತು.

ಬಹಳ ಹೊತ್ತು ಅಲ್ಲೇ ಕೂತಿದ್ದೆ. ಕೆಳಗೆ ಬಂದು ಸುಮ್ಮನೆ ಫೋರಂ ತೆರೆದೆ.

ಆರ್ಡರ್! ತಿಂಗಳುಗಟ್ಟಲೆ ಭಣಗುಟ್ಟಿದ್ದ ಮೆಸೇಜಿನ ಪೆಟ್ಟಿಗೆ ತುಂಬಿ ಬಿದ್ದಿದೆ. ವಿಡಿಯೋ ಅಲ್ಲಿಗೂ ಹೋಗಿದೆ; ಮೀನು ಯಾರದು, ಸತ್ತದ್ದು ಯಾರ ಮಗ ಅನ್ನುವುದೂ ಹೋಗಿದೆ. ಪುಣೆ, ಸೊಲ್ಲಾಪುರ, ಕೊಲ್ಲಾಪುರ, ಚೆನ್ನೈ. ‘ಆ ಕರಿ ತಳಿ ಬೇಕು.’ ‘ಮಗನನ್ನೇ ಕೊಂದವನ ಮರಿ ಬೇಕು.’ ಕೊನೆಯದು ಬೆಳಗಾವಿಯವನದು, ಓಲ್ಡ್ ಮಾಡೆಲ್ ಅಂದವನು — ‘ಮೇಡಂ, ಎಷ್ಟಾದರೂ ಸರಿ, ಎರಡು ನನಗೆ ತೆಗೆದಿಡಿ.’

ಓದುತ್ತಾ ಓದುತ್ತಾ ಬೆನ್ನು ನೆಟ್ಟಗಾಯಿತು. ಗಾಳಿ ಬಂದಾಗ ತೂರಿಕೊಳ್ಳಬೇಕು. ಸಾಕು ಮಾಡುತ್ತೇನೆ ಅಂದದ್ದು ನೆನಪಿತ್ತು, ಇಲ್ಲ ಅನ್ನುವುದಿಲ್ಲ. ಕೈ ತಡೆಯಲಿಲ್ಲ. ಬೆಳಗಾವಿಯವನಿಗೇ ಮೊದಲ ಉತ್ತರ ಟೈಪ್ ಮಾಡಿದೆ.

‘ಬಣ್ಣ ಬೇಕೋ, ಸಿಟ್ಟು ಬೇಕೋ?’

ಕಳಿಸಿ ತಿರುಗಿದರೆ ಇವರು ಹಿಂದೆ ನಿಂತಿದ್ದರು. ಕೈಯಲ್ಲಿ ನನಗೆ ತಂದ ಚಹಾ. ಪರದೆಯನ್ನು ಓದಿದರು. ಚಹಾ ಮೇಜಿನ ಮೇಲೆ ಇಟ್ಟರು, ಒಂದು ಹನಿಯೂ ಚೆಲ್ಲದಂತೆ. ಟೆರೇಸಿಗೆ ಹೋದರು.

ಆಗಲೇ ಈ ಬುಕ್ಕು ತೆಗೆದೆ. ಇಷ್ಟು ಬರೆಯುವಷ್ಟರಲ್ಲಿ ಮೇಲೆ ಗಾಜು ಒಡೆಯಿತು. ಕೈತಪ್ಪಿ ಬಿದ್ದಿರಬೇಕು ಅಂದುಕೊಂಡೆ. ಮತ್ತೊಂದು ಒಡೆಯಿತು. ಮತ್ತೊಂದು. ಅವಸರವಿಲ್ಲ, ಒಂದಾದ ಮೇಲೊಂದು, ಸಾಲಿನಲ್ಲಿ ಇಟ್ಟ ಹಾಗೆಯೇ. ಅತ್ತೆ ಅಂಗಳದಿಂದ “ಉದಯಾ! ಏ ಉದಯಾ!” ಅಂತ ಚೀರುತ್ತಿದ್ದಾರೆ. ಮೆಟ್ಟಿಲ ಮೇಲಿಂದ ನೀರು ಇಳಿದು ಬರುತ್ತಿದೆ. ಕರಿಯ ಸಾಲಿನ ಕೊನೆಯಲ್ಲಿದ್ದಾನೆ. ಈಗ ಓಡಿದರೆ ಸಿಕ್ಕಾನು.

ಏಳುತ್ತೇನೆ. ಬಾಗಿಲ ಹಿಂದೆ ಕೋಲು ಇದೆ. ಅದನ್ನು ಮುಟ್ಟದೆ ಮೆಟ್ಟಿಲು ಹತ್ತಬೇಕು. ಮುಟ್ಟದೆ…