ಹೆಸರು ಬರೆಯದ ಚೀಟಿ

ಡಿಸೆಂಬರ್ ೨೮, ಭಾನುವಾರ ಬೆಳಿಗ್ಗೆ

ಅಕ್ಕಾ,

ನಿನ್ನ ಫೋನು ಎತ್ತದೆ ನಾಲ್ಕು ದಿನವಾಯಿತು. ಸಿಟ್ಟು ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕಿ, ಹೋಗಲಿ ಬಿಡೇ, ವರ್ಷದ ಕೊನೆ, ಎಲ್ಲ ಕಡೆಯೂ ಹೀಗೇ ಅಂದುಬಿಡುತ್ತೀಯ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀನು ಸುಮ್ಮನಿರಲೇಬೇಕು.

ನಮ್ಮದು ಕ್ಯಾಲೆಂಡರ್ ಅಚ್ಚು ಹಾಕುವ ಪ್ರೆಸ್ಸು. ಡಿಸೆಂಬರಿನಲ್ಲಿ ಜನಕ್ಕೆ ವರ್ಷ ಮುಗಿಯುತ್ತದೆ, ನಮಗೆ ಜೀವ. ಹೋದ ವರ್ಷ ಪ್ರೂಫ್ ತಿದ್ದಲು ಮೂವರಿದ್ದೆವು, ಈಗ ನಾನೊಬ್ಬಳೇ. ಇನ್ನೊಬ್ಬರನ್ನು ಕೊಡಿ ಎಂದು ಮ್ಯಾನೇಜರನ್ನು ಕೇಳಿದರೆ, ಇದ್ದವರಲ್ಲೇ ಆಗಲೇಬೇಕು ಅಂದರು. ಅವರಿಗೆ ಗೊತ್ತಿರುವ ಮಾತೇ ಅದೊಂದು. ಬೆನ್ನ ಹಿಂದೆ ನಾವು ಅವರನ್ನು ಕರೆಯುವುದೂ 'ಆಗಲೇಬೇಕು' ಎಂದೇ.

ತಿಂಗಳ ನಡುವೆ ಅಕ್ಷರಗಳು ಕಣ್ಣ ಮುಂದೆ ಒಂದರೊಳಗೊಂದು ಸೇರತೊಡಗಿದವು. ಒಂದು ಕ್ಯಾಲೆಂಡರಿನಲ್ಲಿ ಫೆಬ್ರವರಿಗೆ ಮೂವತ್ತನೇ ತಾರೀಕು ಬಂದದ್ದೂ ಕಣ್ಣಿಗೆ ಬೀಳಲಿಲ್ಲ. 'ಆಗಲೇಬೇಕು'ಗೆ ಖುಷಿಯಾಗುತ್ತಿತ್ತೇನೋ, ದುಡಿಸಲು ಒಂದು ದಿನ ಹೆಚ್ಚು ಸಿಕ್ಕಿತಲ್ಲ. ಹಾಳೆ ಹೊಲಿಯುವ ನಮ್ಮ ಬೈಂಡರಣ್ಣ ಮೊದಲ ಹಾಳೆ ನೋಡಿ ಮೆಷಿನ್ ನಿಲ್ಲಿಸಿದರು. ಹಾಳೆಯನ್ನು ತಂದು ನನ್ನ ಮೇಜಿನ ಮೇಲೆ ಮಗುಚಿ ಇಟ್ಟು ಹೋದರು, ಯಾರಿಗೂ ಹೇಳಲಿಲ್ಲ.

ಸಿಬ್ಬಂದಿಗೆ ಒತ್ತಡ ಜಾಸ್ತಿಯಾಗಿದೆ ಎಂದು ಮೇಲಿನವರಿಗೆ ಯಾರೋ ಹೇಳಿದರಂತೆ. ಅದಕ್ಕೆ ಮದ್ದಾಗಿ ಬಂದದ್ದು ಇನ್ನೊಬ್ಬ ಪ್ರೂಫ್ ರೀಡರ್ ಅಲ್ಲ, ಒಬ್ಬ ಉಸಿರಿನ ಮೇಷ್ಟ್ರು. ಹದಿನಾರನೇ ತಾರೀಕು, ಮಂಗಳವಾರ, ಹನ್ನೊಂದು ಗಂಟೆಗೆ ಮೆಷಿನ್ ನಿಲ್ಲಿಸಿ ಎಲ್ಲರನ್ನೂ ಕಾಗದದ ಗೋದಾಮಿನಲ್ಲಿ ಕೂರಿಸಿದರು. ಮೂಗಿನಿಂದ ಎಳೆದು ಬಾಯಿಂದ ಬಿಡಬೇಕಂತೆ. ನಲವತ್ತು ವರ್ಷ ನಾನು ಉಸಿರಾಡಿದ್ದೇ ತಪ್ಪು ಅನ್ನುವ ಹಾಗೆ ಆ ಪುಣ್ಯಾತ್ಮ ಎರಡು ಗಂಟೆ ಕಲಿಸಿದ. 'ಆಗಲೇಬೇಕು' ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಗೊರಕೆ ಹೊಡೆದರು. ಕೊನೆಗೆ, ನಿಮ್ಮ ಒತ್ತಡಕ್ಕೆ ಏನು ಕಾರಣ ಎಂದು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ, ಯಾರೂ ಓದುವುದಿಲ್ಲ, ಎಲ್ಲವನ್ನೂ ಹರಿದು ಹಾಕುತ್ತೇನೆ ಎಂದ. ನಾನು ಬರೆದೆ: 'ನಮಗೆ ಉಸಿರು ಬೇಡ, ಮ್ಯಾನೇಜರಿಗೆ ಬುದ್ಧಿ ಬೇಕು.'

ಮೇಷ್ಟ್ರು ಡಬ್ಬಿಯನ್ನು ಹಾಗೆಯೇ 'ಆಗಲೇಬೇಕು' ಕೈಗೆ ಕೊಟ್ಟು ಚಹಾ ಕುಡಿದು ಹೊರಟುಹೋದ.

ಮರುದಿನ ಬೈಂಡರಣ್ಣನನ್ನು ಕರೆಸಿದರು. ಹೆಂಡತಿಯ ಕಣ್ಣಿನ ಆಪರೇಷನ್ನಿಗೆಂದು ಎರಡು ದಿನ ರಜೆ ಕೇಳಿ, ಸಿಗದೆ, ಹಿಂದಿನ ವಾರ ಎಲ್ಲರೆದುರು ಜೋರಾಗಿ ಮಾತಾಡಿದ್ದು ಅವರೊಬ್ಬರೇ. ಹಾಗಾಗಿ ಚೀಟಿಯೂ ಅವರದೇ ಎಂದು ತೀರ್ಮಾನವಾಯಿತು. ಚೀಟಿಯನ್ನು ಅವರ ಮುಖದ ಮುಂದೆ ಹಿಡಿದು, ಇಂಥವರು ನಮಗೆ ಬೇಡ ಅಂದರಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹತ್ತೊಂಬತ್ತು ವರ್ಷ ಅಲ್ಲಿ ಹಾಳೆ ಹೊಲಿದ ಮನುಷ್ಯ, ದಾರ ಮೇಣಗಳ ಚೀಲ ಹಿಡಿದು ಹೋದರು. ಯಾರೂ ತಲೆಯೆತ್ತಲಿಲ್ಲ. ಹಿಂದಿನ ದಿನ ಉಸಿರು ಬಿಡಲು ಕಲಿತವರೆಲ್ಲ ಅವತ್ತು ಉಸಿರೇ ಬಿಡಲಿಲ್ಲ.

ನಾನು ಸುಮ್ಮನೆ ಬಿಡಲಿಲ್ಲ ಅಕ್ಕಾ. 'ಆಗಲೇಬೇಕು' ಕೋಣೆಗೆ ಹೋಗಿ, ಆ ಚೀಟಿ ನನ್ನದು, ಬೈಂಡರಣ್ಣನನ್ನು ವಾಪಸು ಕರೆಸಿ ಎಂದೆ. ಆತ ನಕ್ಕ. ನೋಡು, 'ನಕ್ಕರು' ಎಂದು 'ರು' ಹಚ್ಚಲು ಇನ್ನು ಮನಸ್ಸಾಗುವುದಿಲ್ಲ. ನಿಮ್ಮಂಥವರು ಹೀಗೆಲ್ಲ ಬರೆಯೋದಿಲ್ಲ, ಯಾರನ್ನೋ ಉಳಿಸೋಕೆ ಹೇಳ್ತಿದ್ದೀರಿ, ಟೆನ್ಶನ್ನು ನಿಮಗೆ, ಹೋಗಿ ಎರಡು ಸಲ ಉಸಿರೆಳೆದುಕೊಳ್ಳಿ ಅಂದ. ಐದು ವರ್ಷದಿಂದ ನನ್ನ ಕೈಬರಹವಿರುವ ಪ್ರೂಫಿಗೆ ದಿನಾ ಸಹಿ ಹಾಕುವವನಿಗೆ ನನ್ನ ಅಕ್ಷರದ ಗುರುತಿಲ್ಲ. ಇಲ್ಲವೇ ಗುರುತು ಸಿಕ್ಕಿತ್ತು. ಆದರೆ ನನ್ನನ್ನು ಕಳಿಸಿದರೆ ಪ್ರೂಫ್ ತಿದ್ದುವವರು ಯಾರು? ನಾನು ಅಲ್ಲೇ ಒಂದು ಪ್ರೂಫಿನ ಹಿಂಬದಿಯಲ್ಲಿ ಕೆಲಸ ಬಿಟ್ಟಿದ್ದೇನೆಂದು ಬರೆದು, ಅವನ ಮುಂದಿಟ್ಟು ಬಂದೆ. ಅಕ್ಷರ ಚೆನ್ನಾಗಿ ನೋಡಿಕೊಳ್ಳಲಿ.

ಈಗ ಅಕ್ಷರಗಳು ತಮ್ಮ ತಮ್ಮ ಜಾಗದಲ್ಲೇ ಇವೆ. ಬರವಣಿಗೆ ನೋಡಿದರೆ ನಿನಗೇ ಗೊತ್ತಾಗುತ್ತದೆ. ಜನವರಿಯಲ್ಲಿ ನಿನ್ನ ಮನೆಗೆ ಬರುತ್ತೇನೆ. ಭಾವನಿಗೆ ನೀನೇ ಹೇಳು, ಬುದ್ಧಿವಾದ ಬೇಡ ಎಂದು.

ನಿನ್ನ ಮೊಂಡು ತಂಗಿ

ಮರೆತೆ ಅನ್ನಲಾರೆ, ಬೇಕೆಂದೇ ಬಿಟ್ಟಿದ್ದು: ಬೈಂಡರಣ್ಣ ಹೋದದ್ದು ಹದಿನೇಳಕ್ಕೆ. ನಾನು ಕೋಣೆಗೆ ಹೋದದ್ದು ಇಪ್ಪತ್ನಾಲ್ಕಕ್ಕೆ. ನಡುವಿನ ಏಳು ದಿನ ತಲೆ ತಗ್ಗಿಸಿ ಪ್ರೂಫ್ ತಿದ್ದಿದೆ. ನಿನ್ನೆ ಬೈಂಡರಣ್ಣನ ಮನೆಗೆ ಹೋಗಿದ್ದೆ. ಹೆಂಡತಿಯ ಕಣ್ಣಿಗೆ ಔಷಧಿ ಹಾಕುತ್ತಿದ್ದರು. ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಅವರು ಬಾಟಲಿಯ ಮುಚ್ಚಳ ತಿರುಗಿಸುತ್ತಾ, ಗೊತ್ತಿತ್ತಮ್ಮಾ, ದಿನಾ ನೋಡೋ ಅಕ್ಷರ, ನೀವೇ ಬಂದು ಹೇಳ್ತೀರಿ ಅಂತ ಅವತ್ತು ಪ್ರೆಸ್ಸಿನ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದೆ, ಅಂದರು.