ಸಾನಪಾಡಾದ ಖಾಲಿ ಮಂಚಗಳೂ ಸಂಜೆಯ ಕ್ಲಿಕ್ ಪಾರಾಯಣವೂ

ವಿದ್ಯಾರ್ಥಿನಿ ನಿಲಯದ ಗೌರವ ಕಾರ್ಯದರ್ಶಿಗಳೇ,

ನಿಲಯದ ಜಾಲತಾಣದಲ್ಲಿದ್ದ ದೋಷವೊಂದನ್ನು ತೋರಿಸಿಕೊಟ್ಟದ್ದಕ್ಕಾಗಿ ಅಶ್ಮಿತಾ ಎಂಬ ಹುಡುಗಿಗೆ ಈ ತಿಂಗಳ ಕೊನೆಗೆ ಕೋಣೆ ಬಿಡುವಂತೆ ಆದೇಶಿಸಿದ್ದೀರಿ. ಆರೋಪ, ಹ್ಯಾಕಿಂಗ್. ಕಟ್ಟಡದ ಅರ್ಧಕ್ಕರ್ಧ ಮಂಚಗಳು ಖಾಲಿ ಬಿದ್ದಿರುವಾಗ ಇದ್ದವಳನ್ನೂ ಹೊರಗೆ ಹಾಕುವ ನಿಮ್ಮ ಶಿಸ್ತನ್ನು ಕಂಡು ನನಗೆ ಆಶ್ಚರ್ಯವಾಗಲಿಲ್ಲ; ಹೇಸಿಗೆಯಾಯಿತು.

ಈ ಬಹಿರಂಗ ಪತ್ರದ ಓದುಗರಿಗೂ ವಿಷಯ ತಿಳಿದಿರಲಿ. ಕರಾವಳಿಯಿಂದ ಓದಲು ಬರುವ ಹೆಣ್ಣುಮಕ್ಕಳಿಗೆಂದು, ಹೋಟೆಲು ನಡೆಸಿ ಬದುಕಿದ ಹಿರಿಯರು ಹೊರನಾಡಿನ ಈ ಮಹಾನಗರದ ಸಾನಪಾಡಾದಲ್ಲಿ ಕಟ್ಟಿಸಿದ ನಿಲಯವಿದು. ಎರಡು ವರ್ಷದ ಹಿಂದೆ, 2013ರಲ್ಲಿ, ತಾವು ಅದಕ್ಕೊಂದು ಜಾಲತಾಣ ಮಾಡಿಸಿದಿರಿ. ಕಂಪ್ಯೂಟರಿನ ಪರದೆಗೆ ಮಲ್ಲಿಗೆ ಹಾರ ಹಾಕಿ, ಕೀಬೋರ್ಡಿಗೆ ಕುಂಕುಮ ಹಚ್ಚಿ ಉದ್ಘಾಟಿಸಿದಿರಿ. ಮುಖಪುಟದ ತುಂಬ ತಾವು ಶಾಲು ಹೊದೆದು ನಿಂತ ಚಿತ್ರಗಳು. ಬಾಡಿಗೆ ಎಷ್ಟು, ಊಟ ಉಂಟೋ ಇಲ್ಲವೋ, ಸ್ಟೇಷನ್ನಿನಿಂದ ಎಷ್ಟು ದೂರ ಎಂಬುದೊಂದೂ ಅಕ್ಷರದಲ್ಲಿಲ್ಲ. ಸರ್ಚ್ ಇಂಜಿನ್ ಅಕ್ಷರವನ್ನು ಓದುತ್ತದೆ ಸ್ವಾಮೀ, ಶಾಲನ್ನು ಓದಲಾರದು.

ತಾಣ ಹುಡುಕಾಟದಲ್ಲಿ ಮೇಲೆ ಬರಲಿಲ್ಲವೆಂದು ತಾವು ಹೂಡಿದ ಉಪಾಯವನ್ನು ಲೋಕವೇ ತಿಳಿಯಬೇಕು. ಸಂಜೆಯ ಭಜನೆಗೆ ಮಂಗಳ ಹಾಡಿದೊಡನೆ ಹುಡುಗಿಯರೆಲ್ಲ ಮೊಬೈಲು ತೆಗೆದು, ನಿಲಯ ನಡೆಸುವ ಟ್ರಸ್ಟಿನ ಪೂರ್ತಿ ಹೆಸರು ಹೊಡೆದು, ಆಗಷ್ಟೇ ಕಾಣುವ ತಾಣದ ವಿಳಾಸವನ್ನು ಹನ್ನೊಂದು ಸಲ ಕ್ಲಿಕ್ ಮಾಡಬೇಕು. ವಾರ್ಡನ್ ಜಲಜಾಕ್ಷಿಯಮ್ಮ ನಿಂತು ಎಣಿಸಬೇಕು. ಹತ್ತಕ್ಕೆ ಪ್ರಸನ್ನವಾಗದ ಯಂತ್ರ ಹನ್ನೊಂದಕ್ಕೆ ಒಲಿಯುತ್ತದೆಂದು ತಮಗೆ ಹೇಳಿದ ಪುರೋಹಿತರು ಯಾರು?

ಇಷ್ಟೆಲ್ಲ ಪಾರಾಯಣದ ಫಲವನ್ನು ನಾನು ಕಣ್ಣಾರೆ ಕಂಡೆ. ಡೊಂಬಿವಲಿಯ ನನ್ನ ಮನೆಯಲ್ಲಿ ಭಾನುವಾರಗಳಂದು ಕೆಲವು ಹುಡುಗಿಯರಿಗೆ ಜಾಲತಾಣ ಕಟ್ಟುವುದನ್ನು ಕಲಿಸುತ್ತೇನೆ. ಅಶ್ಮಿತಾ ಅಲ್ಲಿಗೆ ಬರುತ್ತಾಳೆ. ಕುಂದಾಪುರದ ಕಡೆಯಿಂದ ನರ್ಸಿಂಗ್ ಓದಲು ಬಂದ ಚೈತನ್ಯಾ ಕೂಡ ಬರುತ್ತಾಳೆ. ಒಂದು ದಿನ ಚೈತನ್ಯಾ, ಪೀಜಿಯೊಂದರ ಒಂದೇ ಕೋಣೆಯಲ್ಲಿ ಎಂಟು ಮಂದಿ ಮಲಗುವ ಕಷ್ಟ ಹೇಳುತ್ತ, “ಇಲ್ಲೆಲ್ಲಾದ್ರೂ ನಮ್ಮವರ ಹಾಸ್ಟೆಲ್ ಉಂಟಾ ಅಕ್ಕಾ? ನೆಟ್ಟಲ್ಲಿ ಹುಡುಕಿ ಹುಡುಕಿ ಸಾಕಾಯ್ತು” ಎಂದಳು. ಅವಳ ಪೀಜಿ ಯಾವ ಗಲ್ಲಿಯಲ್ಲಿ ಎಂದು ಕೇಳಿ ತಿಳಿದ ಅಶ್ಮಿತಾ ತಲೆಯ ಮೇಲೆ ಕೈ ಹೊತ್ತಳು.

“ಅರೇ ಪಾಗಲ್, ನಿನ್ನ ಕಿಟಕಿಯಿಂದ ಹಳದಿ ಬಿಲ್ಡಿಂಗ್ ದಿಖ್ತಾ ಹೈ ನಾ? ಅದೇ ನಮ್ಮ ಹಾಸ್ಟೆಲ್!”

“ಅದು ಮದುವೆ ಹಾಲ್ ಅಂತ ಮಾಡಿದ್ದೆ ಮಾರಾಯ್ತಿ!”

ನಗು ಅಲ್ಲಿಗೇ ನಿಂತಿತು. ಹಿಂದಿನ ಗಲ್ಲಿಯವಳಿಗೇ ಕಾಣದ ಹಾಸ್ಟೆಲು ಕುಂದಾಪುರದವರಿಗೆ ಹೇಗೆ ಕಂಡೀತು? ಅಶ್ಮಿತಾ ಕಾರಣ ಹುಡುಕಿದಳು. ಪ್ರತಿ ತಾಣವೂ ಸರ್ಚ್ ಇಂಜಿನ್‌ಗಳಿಗೆಂದು ಬಾಗಿಲಲ್ಲೊಂದು ಸೂಚನೆ ಇಡಬಹುದು. ಅದು ಯಾರು ಬೇಕಾದರೂ ತೆರೆದು ನೋಡಬಹುದಾದ ಕಡತ. ತಮ್ಮ ತಾಣದ ಸೂಚನೆ ಹೇಳುತ್ತಿದ್ದುದು ಇಷ್ಟೇ: ಯಾವ ಪುಟಕ್ಕೂ ಬರಬೇಡಿ. ತಾಣ ಕಟ್ಟುವಾಗ ತಾತ್ಕಾಲಿಕವಾಗಿ ಹಾಕಿದ್ದನ್ನು ಯಾರೂ ತೆಗೆದಿರಲಿಲ್ಲ. ಒಳಬರಬೇಡವೆಂದು ಬೋರ್ಡು ತೂಗುಹಾಕಿ, ಅತಿಥಿ ಬರಲಿಲ್ಲವೆಂದು ಎರಡು ವರ್ಷ ಭಜನೆ ಮಾಡಿಸಿದ್ದೀರಿ!

ಇದನ್ನು ತಿಳಿಸಲು ಅವಳೊಡನೆ ನಾನೂ ತಮ್ಮ ಕಚೇರಿಗೆ ಬಂದಿದ್ದೆ. ತಾವು ಅವಳತ್ತ ನೋಡಲೂ ಇಲ್ಲ.

“ಎಂತದಿದು ಮೇಡಂ? ಇವಳು ನಮ್ಮ ಸೈಟಿನ ಒಳಗೆ ಹೊಕ್ಕಿದ್ದಾಳೆ. ಪೊಲೀಸ್ ಕಂಪ್ಲೇಂಟ್ ಕೊಟ್ರೆ ಗೊತ್ತಾಗ್ತದೆ!”

“ಒಳಗೆ ಹೋಗ್ಲಿಲ್ಲ ಸರ್,” ಎಂದಳು ಅಶ್ಮಿತಾ. “ಗೇಟ್ ಪೇ ಬೋರ್ಡ್ ಹೈ. ಅದನ್ನು ಓದಿದೆ, ಬಸ್.”

“ನಿನಗೆ ಓದ್ಲಿಕ್ಕೆ ಹೇಳಿದ್ದು ಯಾರು?”

ವಿದ್ಯಾರ್ಥಿನಿ ನಿಲಯದಲ್ಲಿ ಕುಳಿತು ವಿದ್ಯಾರ್ಥಿನಿಯೊಬ್ಬಳನ್ನು ಹೀಗೆ ಕೇಳಿದ ಕಾರ್ಯದರ್ಶಿ ಬಹುಶಃ ತಾವೇ ಮೊದಲಿಗರು.

ಮಹಾಸಭೆಯಲ್ಲಿ ತಾವು, “ಈಗಿನ ಹುಡುಗಿಯರಿಗೆ ಹಾಸ್ಟೆಲ್ ಬೇಡ, ತಿರುಗಾಟ ಬೇಕು” ಎಂದು ಸಾರಿ, ಮೇಲಿನ ಮಹಡಿಯನ್ನು ಕೋಚಿಂಗ್ ಕ್ಲಾಸಿನವರಿಗೆ ಕೊಡುವ ಮಾತೆತ್ತಿದ್ದೀರಂತೆ. ಅಂದರೆ ದೋಷ ನಿಮ್ಮದು, ಅಪವಾದ ಹುಡುಗಿಯರಿಗೆ. ತಾಂತ್ರಿಕ ಅಜ್ಞಾನವನ್ನು ಯಾರಾದರೂ ಕ್ಷಮಿಸಬಹುದು. ಆ ಅಜ್ಞಾನವನ್ನು ಮುಚ್ಚಿಕೊಳ್ಳಲು ಇಪ್ಪತ್ತರ ಹುಡುಗಿಯನ್ನು ಬೀದಿಗೆ ತಳ್ಳುವುದನ್ನು ಹೇಗೆ ಕ್ಷಮಿಸುವುದು?

ಹುಡುಕಾಟದಲ್ಲಿ ಮೇಲಿನ ಸ್ಥಾನಕ್ಕೆ ಬರುವ ದಾರಿಯಲ್ಲಿ ದೊಡ್ಡ ರಹಸ್ಯವೇನಿಲ್ಲ. ಹುಡುಕುವವರು ಯಾವ ಮಾತಿನಲ್ಲಿ ಕೇಳುತ್ತಾರೋ ಆ ಮಾತಿನಲ್ಲಿ ನಿಜವಾದ ಉತ್ತರ ಬರೆಯಬೇಕು; ನಿಮ್ಮನ್ನು ಬಲ್ಲ ಬೇರೆ ತಾಣಗಳು ನಿಮ್ಮತ್ತ ಕೈತೋರಿಸುವಂತೆ ನಡೆದುಕೊಳ್ಳಬೇಕು. ನನ್ನ ಹುಡುಗಿಯರು ಇದನ್ನು ಮಾಡಿಯೂ ತೋರಿಸಿದ್ದಾರೆ. ಅಶ್ಮಿತಾ ಮತ್ತು ಚೈತನ್ಯಾ ಸೇರಿ ನಮ್ಮ ತರಗತಿಯ ಪುಟ್ಟ ತಾಣದಲ್ಲಿ ಒಂದೇ ಪುಟ ಬರೆದರು: ನಿಲಯ ಎಲ್ಲಿದೆ, ಬಾಡಿಗೆಯೆಷ್ಟು, ರಾತ್ರಿ ಎಷ್ಟು ಹೊತ್ತಿಗೆ ಗೇಟು ಮುಚ್ಚುತ್ತದೆ, ಶನಿವಾರ ಗಂಜಿಯೂಟ ಉಂಟು. ಕೆಲವು ಕಾಲೇಜುಗಳ ಕನ್ನಡ ಬಳಗಗಳು ಅದನ್ನು ತಮ್ಮ ಪುಟಗಳಲ್ಲಿ ಸೂಚಿಸಿದವು. ಸಾನಪಾಡಾದಲ್ಲಿ ಹುಡುಗಿಯರ ಹಾಸ್ಟೆಲ್ ಹುಡುಕಿದರೆ ಇಂದು ಮೊದಲು ಕಾಣುವುದು ಆ ಪುಟ. ಒಬ್ಬರೂ ಹನ್ನೊಂದು ಸಲ ಕ್ಲಿಕ್ ಮಾಡಿಲ್ಲ.

ತಮ್ಮ ಕಚೇರಿ ಫೋನು ಎತ್ತುವುದಿಲ್ಲವಾದ್ದರಿಂದ ಆ ಪುಟದಲ್ಲಿ ನನ್ನ ಸಂಖ್ಯೆಯಿದೆ. ಈಗ ಕಾರ್ಕಳದಿಂದ, ಬೈಂದೂರಿನಿಂದ ಕರೆಗಳು ಬರುತ್ತಿವೆ. “ಜಾಗ ಉಂಟಾ ಮೇಡಂ? ಹುಡುಗಿಗೆ ಅಲ್ಲಿ ಸೇಫಾ?” ಎಂದು ತಾಯಂದಿರು ಕೇಳುತ್ತಾರೆ. ಮೊದಲ ಪ್ರಶ್ನೆಗೆ ಉಂಟು ಎನ್ನುತ್ತೇನೆ. ಎರಡನೆಯದಕ್ಕೆ ಏನು ಹೇಳಲಿ?

ಆ ಉತ್ತರ ತಮ್ಮ ಕೈಯಲ್ಲಿದೆ. ಅಶ್ಮಿತಾಳಿಗೆ ಕೊಟ್ಟ ಆದೇಶವನ್ನು ಎಲ್ಲ ಹುಡುಗಿಯರ ಎದುರಿಗೇ ಹಿಂದಕ್ಕೆ ಪಡೆಯಿರಿ, ಬಾಗಿಲ ಆ ಸೂಚನೆಯನ್ನು ಅವಳ ಕೈಯಿಂದಲೇ ತೆಗೆಸಿರಿ. ಚೈತನ್ಯಾ ಪೆಟ್ಟಿಗೆ ಕಟ್ಟಿ ಕಾದಿದ್ದಾಳೆ. ಅವಳಿಗೆ ಖಾಲಿ ಮಂಚವೊಂದನ್ನು ಕೊಡಿ. ಆದರೆ ಅದು ಅಶ್ಮಿತಾಳಿಂದ ಖಾಲಿ ಮಾಡಿಸಿದ ಮಂಚವಾಗಿರಬಾರದು.

ಇಂತಿ,
ಹನ್ನೊಂದು ಸಲವಲ್ಲ, ಒಂದೇ ಸಲ ಕೇಳಿಕೊಳ್ಳುತ್ತಿರುವ
ಹರಿಣಾಕ್ಷಿ
ಡೊಂಬಿವಲಿ ಪೂರ್ವ