ಅರ್ಧ ಮಾತ್ರೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಅಕ್ಷರ ನೋಡಿ ಗಾಬರಿಯಾಗಬೇಡ, ಇದು ನನ್ನ ಮಗಳು ಪುಟ್ಟಿಯ ಕೈಬರಹ. ಬಚ್ಚಲಲ್ಲಿ ಜಾರಿ ಬಿದ್ದು ನನ್ನ ಬಲಗೈಯ ಮಣಿಕಟ್ಟು ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ. ನಾನು ಹೇಳುತ್ತಿದ್ದೇನೆ, ಇವಳು ಬರೆಯುತ್ತಿದ್ದಾಳೆ. ನೀನು ಬೈಯುವ ಮೊದಲೇ ಒಪ್ಪಿಕೊಳ್ಳುತ್ತೇನೆ, ಹೌದು, ಬಚ್ಚಲು ತಿಕ್ಕಿರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಮನೆಯಲ್ಲಿ ಗೋಡೆಗೂ ಕಿವಿ.

ಹೊಲಿಗೆ ಅಂಗಡಿ ಮುಚ್ಚಿಲ್ಲ. ಬಟ್ಟೆ ಕತ್ತರಿಸುವುದು ನಿಂತಿದೆ, ಕಾಜ, ಗುಂಡಿ, ಅಂಚು ಎಲ್ಲ ಇವಳೇ ನೋಡಿಕೊಳ್ಳುತ್ತಿದ್ದಾಳೆ. ಚಳಿಗಾಲದಲ್ಲಿ ನೀನು ಬಂದಾಗ ಇವಳ ಅವಸ್ಥೆ ನೋಡಿದ್ದೆಯಲ್ಲ. ಸಿಟ್ಟಿಗೆಂದು ಡಾಕ್ಟರಮ್ಮ ಕೊಟ್ಟ ಮಾತ್ರೆ ರಾತ್ರಿ ಒಂದು ಪೂರ್ತಿ ನುಂಗಿದರೆ ಮರುದಿನ ಹೊತ್ತು ನೆತ್ತಿಗೇರುವವರೆಗೂ ನಿದ್ದೆ. ಎದ್ದರೂ ಬಾಯಲ್ಲಿ ಜೊಲ್ಲು. ಸೂಜಿಗೆ ದಾರ ಪೋಣಿಸಲು ಹೋದರೆ ಕೈ ನಡುಕ. ಸಿಟ್ಟು ಹೋಗಿತ್ತು, ನಿಜ, ಅದರ ಜೊತೆಗೆ ಹುಡುಗಿಯೂ ಹೋಗಿದ್ದಳು. ಹದಿನೇಳು ವರ್ಷದ ಮಗಳ ಬಾಯಿಗೆ ನಾನೇ ತುತ್ತಿಡಬೇಕಾಗಿತ್ತು.

ಡಾಕ್ಟರಮ್ಮನ ಪ್ರಾಣ ತಿಂದು ಮಾತ್ರೆಯನ್ನು ಅರ್ಧಕ್ಕೆ ಇಳಿಸಿಕೊಂಡು ಬಂದೆ. ಇಳಿಸುವಾಗ ಸಿಟ್ಟು ತಿರುಗಿ ಬರಬಹುದು, ಯಾರ ಮೇಲಾದರೂ ಕೈ ಮಾಡಿದರೆ ಅದೇ ದಿನ ತಿಳಿಸಬೇಕು ಎಂದು ಆಕೆ ಸಾರಿ ಸಾರಿ ಹೇಳಿದರು. ತಲೆಯಾಡಿಸಿದೆ. ದಾರ ಕತ್ತರಿಸುವ ಪುಟ್ಟ ಕತ್ತರಿಯಲ್ಲಿ ಮಾತ್ರೆಯನ್ನು, ಈಗ ಎಡಗೈಯಲ್ಲೇ ಆದರೂ, ನಾನೇ ತುಂಡು ಮಾಡುತ್ತೇನೆ, ಕತ್ತರಿಸುವುದು ನಮ್ಮ ಕಸುಬು ತಾನೇ. ಈಗ ಬಂದು ನೋಡು, ಬೆಳಿಗ್ಗೆ ನನಗಿಂತ ಮೊದಲೇ ಏಳುತ್ತಾಳೆ. ಮೊನ್ನೆ ಗಿರಾಕಿಯೊಬ್ಬರ ನಡಿಗೆಯನ್ನು ಅಣಕಿಸಿ ತೋರಿಸಿದಳು, ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಇವಳೂ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು ಅಕ್ಕ.

ನಡುವೆ ಸ್ವಲ್ಪ ಮುಂಗೋಪ ಇದೆ, ಇಲ್ಲವೆನ್ನುವುದಿಲ್ಲ. ತಟ್ಟೆ ಒಡೆದಿದೆ, ಅಂಗಡಿಯ ಕನ್ನಡಿ ಬಿರುಕು ಬಿಟ್ಟಿದೆ. ಈ ವಯಸ್ಸಿನಲ್ಲಿ ನಿನಗೂ ಮೂಗಿನ ತುದಿಯಲ್ಲೇ ಕೋಪ ಇತ್ತು, ನಿನಗೆ ಯಾರು ಮಾತ್ರೆ ಕೊಟ್ಟಿದ್ದರು?

ಈಗ ವಿಷಯಕ್ಕೆ ಬರುತ್ತೇನೆ. ಮುಂದಿನ ವಾರ ಗುರುವಾರ ಡಾಕ್ಟರಮ್ಮನ ಹತ್ತಿರ ಹೋಗಬೇಕು. ಈ ಪ್ಲಾಸ್ಟರ್ ಕಂಡರೆ ಆಕೆ ಕೇಳದೆ ಬಿಡುವವರಲ್ಲ. ನನ್ನ ಮಾತಿನ ಮೇಲೆ ಆಕೆಗೆ ನಂಬಿಕೆ ಅಷ್ಟಕ್ಕಷ್ಟೇ, ನಿನ್ನ ಮೇಲಿದೆ. ಬುಧವಾರವೇ ಬಂದುಬಿಡು. ನಾನು ಜಾರಿದಾಗ ನೀನೂ ಮನೆಯಲ್ಲಿದ್ದೆ, ನೀನೇ ಎತ್ತಿ ಕೂರಿಸಿದೆ ಎಂದು ಹೇಳಿದರೆ ಸಾಕು. ಈ ಸಾಲಿಗೆ ಬಂದಾಗ ಇವಳು ಪೆನ್ನು ಕೆಳಗಿಟ್ಟಳು, ಗದರಿಸಿದ ಮೇಲೆ ಬರೆದಳು. ಮಾತ್ರೆ ಮತ್ತೆ ಪೂರ್ತಿಗೆ ಏರಿದರೆ ನನ್ನ ಮಗಳು ನನಗೆ ಸಿಗುವುದಿಲ್ಲ. ಅದನ್ನು ಇನ್ನೊಮ್ಮೆ ನೋಡುವ ಶಕ್ತಿ ನನ್ನಲ್ಲಿಲ್ಲ. ಒಂದು ಸುಳ್ಳು ಹೇಳಿದರೆ ನಿನ್ನ ಗಂಟೇನು ಹೋಗುತ್ತದೆ?

ನಿನ್ನನ್ನೇ ನೆಚ್ಚಿಕೊಂಡಿರುವ
ತಂಗಿ

ತಾ.ಕ.: ದೊಡ್ಡಮ್ಮ, ಇದು ನನ್ನ ಮಾತು. ಅಮ್ಮ ಎಡಗೈಯಲ್ಲಿ ಸಹಿ ಗೀಚಿ, ಲಕೋಟೆ ಅಂಟಿಸು ಎಂದು ಹೇಳಿ ಮಲಗಲು ಹೋದಳು. ಅಮ್ಮ ಜಾರಲಿಲ್ಲ. ಕಾಜ ಸೊಟ್ಟಗಾಗಿದೆ, ಬಿಚ್ಚಿ ಮತ್ತೆ ಹೊಲಿ ಎಂದಳು. ಅಷ್ಟಕ್ಕೇ ಇಸ್ತ್ರಿಪೆಟ್ಟಿಗೆ ಎತ್ತಿ ಬೀಸಿದೆ, ಅವಳು ಅಡ್ಡ ತಂದ ಕೈಗೆ ಬಿತ್ತು. ಅದು ತಣ್ಣಗಿತ್ತು, ಆದರೆ ಬೀಸುವಾಗ ಬಿಸಿಯಿದೆಯೋ ಇಲ್ಲವೋ ಎಂದು ನಾನು ನೋಡಿರಲಿಲ್ಲ. ಡಾಕ್ಟರ್ ಹೇಳಿದ್ದು ಅರ್ಧ ಮಾತ್ರೆ. ಅಮ್ಮ ಆ ಅರ್ಧವನ್ನೂ ಎರಡು ತುಂಡು ಮಾಡಿ ಒಂದನ್ನು ಮಾತ್ರ ಕೊಡುತ್ತಿದ್ದಾಳೆ. ನನಗೆ ಗೊತ್ತಿತ್ತು, ಮೈ ಹಗುರವಾಗಿತ್ತು, ಅದಕ್ಕೆ ಸುಮ್ಮನಿದ್ದೆ. ಮೊದಲಿನ ಹಾಗೆ ಬಿದ್ದುಕೊಂಡಿರುವುದು ನನಗೂ ಬೇಡ. ಅರ್ಧವೋ, ಬೇರೆ ಮಾತ್ರೆಯೋ, ಡಾಕ್ಟರೇ ಹೇಳಲಿ. ನಡೆದದ್ದನ್ನು ಅವರಿಗೆ ನಾನೇ ಹೇಳುತ್ತೇನೆ. ಆದರೆ ಅಮ್ಮ ಪಕ್ಕದಲ್ಲಿ ಕೂತಿದ್ದರೆ ನನಗೆ ಮಾತು ಹೊರಡುವುದಿಲ್ಲ, ಸ್ವಲ್ಪ ಹೊತ್ತು ಅವಳನ್ನು ಹೊರಗೆ ಕರೆದುಕೊಂಡು ಹೋಗಿ. ಏಳುವುದಿಲ್ಲ ಎಂದು ಹಟ ಹಿಡಿಯುತ್ತಾಳೆ. ಎಳೆಯಬೇಕಾಗಿ ಬಂದರೆ ಎಡಗೈ ಹಿಡಿದು ಎಳೆಯಿರಿ.